ಗೋಡೆಯ ಮೇಲಿನ ಯಜಮಾನರು

ಕನ್ನಡ ಧಾರಾವಾಹಿಗಳ ಶ್ರೀಮಂತ ಮನೆಗಳಲ್ಲಿ ಮರ್ಯಾದೆ ಇರುವುದು ಸತ್ತವರಿಗೆ ಮಾತ್ರ. ಬದುಕಿರುವವರಿಗೆ ಅಲ್ಲಿ ನೆಮ್ಮದಿಯಿಲ್ಲ. ಒಬ್ಬರ ಹಾಲಿಗೆ ಇನ್ನೊಬ್ಬರು ಏನೋ ಬೆರೆಸುತ್ತಿರುತ್ತಾರೆ, ಒಬ್ಬರ ಮಾತನ್ನು ಇನ್ನೊಬ್ಬರು ಕಂಬದ ಮರೆಯಲ್ಲಿ ನಿಂತು ಕೇಳುತ್ತಿರುತ್ತಾರೆ. ಆದರೆ ಗಂಧದ ಹಾರ ಹಾಕಿಸಿಕೊಂಡು ಗೋಡೆ ಏರಿದ ಯಜಮಾನರ ಮುಂದೆ ಎಲ್ಲರೂ ಕೈ ಮುಗಿಯುತ್ತಾರೆ, ಅಳುತ್ತಾರೆ, ಆಣೆ ಮಾಡುತ್ತಾರೆ. ಸೊಸೆ ಸತ್ಯ ನುಡಿದರೆ ಹಾರದ ಹೂವೊಂದು ಉದುರುತ್ತದೆ. ಅತ್ತೆ ಸುಳ್ಳು ಹೇಳಿದರೆ ಫೋಟೋ ಬಿದ್ದು ಗಾಜು ಒಡೆಯುತ್ತದೆ. ಸಂಭಾಷಣೆಯಿಲ್ಲ, ಸಂಬಳವಿಲ್ಲ, ರಜೆಯಿಲ್ಲ. ಆದರೂ ವರ್ಷಗಟ್ಟಲೆ ಇವರಷ್ಟು ನಿಷ್ಠೆಯಿಂದ ದುಡಿಯುವ ಕಲಾವಿದರು ಇನ್ನೊಬ್ಬರಿಲ್ಲ.

ಹೊನವಾಡದ ನಮ್ಮ ಚಿಗವ್ವ ಸಂಜೆ ಏಳರಿಂದ ಹತ್ತರವರೆಗೆ ಟಿವಿ ಮುಂದೆ ಕೂತವಳು, ಕರೆಂಟು ಹೋದರಷ್ಟೇ ಏಳುತ್ತಾಳೆ. ಮೊರದಲ್ಲಿ ಒಣದ್ರಾಕ್ಷಿ ಹಾಕಿಕೊಂಡು ಕಡ್ಡಿ ತೆಗೆಯುತ್ತ ನೋಡುವುದು ಅವಳ ರೂಢಿ. ಕೈ ಕಡ್ಡಿಯ ಮೇಲೆ, ಕಣ್ಣು ಗೋಡೆಯ ಮೇಲೆ. ಕಥೆ ಎತ್ತ ಹೋದರೂ ಅವಳಿಗೆ ಚಿಂತೆಯಿಲ್ಲ. ಅವಳ ಪ್ರಶ್ನೆ ಒಂದೇ: "ಆ ಫೋಟೋದಾಗಿನ ಮನಿಷ್ಯಾ ಯಾರಪಾ? ಖರೇನ ಸತ್ತಾನೋ, ಎಲ್ಲ್ಯರ ಅದಾನೋ?"

ನಮ್ಮೂರು ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಅಂಚಿನಲ್ಲಿದೆ, ಮಹಾರಾಷ್ಟ್ರ ಇಲ್ಲಿಂದ ದೂರವಲ್ಲ. ಹೀಗಾಗಿ ಮರಾಠಿ ಧಾರಾವಾಹಿಗಳೂ ನಮ್ಮ ಮನೆಗಳಲ್ಲಿ ನಡೆಯುತ್ತವೆ. 2018ರಲ್ಲಿ ಝೀ ಮರಾಠಿಯಲ್ಲಿ 'ತುಲಾ ಪಾಹತೇ ರೇ' ಶುರುವಾದಾಗ ಚಿಗವ್ವ ಅದನ್ನೂ ಬಿಡಲಿಲ್ಲ. ಮರುವರ್ಷ ಅದೇ ಕಥೆ ಝೀ ಕನ್ನಡದಲ್ಲಿ 'ಜೊತೆಜೊತೆಯಲಿ' ಎಂದು ಬಂತು. ನಾಯಕ ಬದಲಾದದ್ದನ್ನು, ಭಾಷೆ ಬದಲಾದದ್ದನ್ನು ಅವಳು ಸುಲಭವಾಗಿ ಒಪ್ಪಿದಳು. ಒಪ್ಪದೆ ಉಳಿದದ್ದು ಸತ್ತುಹೋದ ಮೊದಲ ಹೆಂಡತಿ ರಾಜನಂದಿನಿಯನ್ನು. "ಸತ್ತಾಕಿ ಒಬ್ಬಾಕೀನ ಇರಬೇಕಲ್ಲೋ, ಹೆಸರೂ ಅದ ಐತಿ. ಮಾರಿ ಹ್ಯಾಂಗ ಬ್ಯಾರೆ ಆತು?" ರಿಮೇಕ್ ಎನ್ನುವುದರ ಕಷ್ಟ ನನಗೆ ಆವತ್ತು ಅರ್ಥವಾಯಿತು. ಬದುಕಿದವರನ್ನು ಮತ್ತೆ ಹುಟ್ಟಿಸಿದರೆ ಸಾಲದು, ಸತ್ತವರನ್ನೂ ಹೊಸದಾಗಿ ಫೋಟೋ ತೆಗೆಸಬೇಕು. 2022ರಲ್ಲಿ ಅದೇ ಧಾರಾವಾಹಿಯ ನಾಯಕನ ಜಾಗಕ್ಕೆ ಅನಿರುದ್ಧ ಹೋಗಿ ಹರೀಶ್ ರಾಜ್ ಬಂದಾಗ ಊರೆಲ್ಲ ನಟರ ಬಗ್ಗೆ ಮಾತಾಡಿದರೆ ನಾನು ಆ ಮನೆಯ ಗೋಡೆಗಳ ಬಗ್ಗೆ ಯೋಚಿಸಿದೆ.

ನಮ್ಮ ಕಡೆಯ ಹುಡುಗನೊಬ್ಬ ಬೆಂಗಳೂರಿನಲ್ಲಿ ಧಾರಾವಾಹಿಗಳ ಆರ್ಟ್ ಡಿಪಾರ್ಟ್‌ಮೆಂಟಿನಲ್ಲಿದ್ದಾನೆ. ಮೊಳೆ, ಸುತ್ತಿಗೆ, ಪ್ಲಾಸ್ಟಿಕ್ ಹೂವು ಅವನ ಆಯುಧಗಳು. ದೀಪಾವಳಿಗೆ ಊರಿಗೆ ಬಂದಾಗ ಚಿಗವ್ವ ಅವನನ್ನು ಕಟ್ಟೆಗೆ ಕೂರಿಸಿಕೊಂಡು ವಿಚಾರಣೆ ಮಾಡಿದಳು. ಅವನು ಹೇಳಿದ್ದರಲ್ಲಿ ಮೊದಲನೆಯದು ಗಾಜಿನ ಸಂಗತಿ. ಧಾರಾವಾಹಿಯ ಫೋಟೋಗಳಿಗೆ ಗಾಜೇ ಇರುವುದಿಲ್ಲವಂತೆ! ಇದ್ದರೆ ಮೇಲಿನ ಲೈಟುಗಳು, ಕ್ಯಾಮೆರಾ, ಕ್ಯಾಮೆರಾ ಹಿಂದೆ ಚಹಾ ಕುಡಿಯುತ್ತ ನಿಂತವರು ಎಲ್ಲರೂ ಯಜಮಾನರ ಎದೆಯ ಮೇಲೆ ಮೂಡುತ್ತಾರೆ. ಅದಕ್ಕೆ ಗಾಜು ತೆಗೆದು, ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿ ತೂಗುಹಾಕುತ್ತಾರೆ. ಆಗಲೂ ಹೊಳೆದರೆ ಚೌಕಟ್ಟಿನ ಹಿಂದೆ ಒಂದು ರಟ್ಟಿನ ತುಂಡು ಸಿಕ್ಕಿಸಿ ಸ್ವಲ್ಪ ಬಾಗಿಸುತ್ತಾರೆ. ನೇರ ಕಂಡರೂ ಯಜಮಾನರು ಬಾಗಿಯೇ ಇರುತ್ತಾರೆ. ಗಾಜು ಹಾಕುವುದು ಯಾವಾಗ ಎಂದರೆ, ಫೋಟೋ ಬಿದ್ದು ಒಡೆಯಬೇಕಾದ ದಿನ ಮಾತ್ರ. ಆ ದಿನ ಅಂಥದೇ ಇನ್ನೆರಡು ಪ್ರತಿ ಪಕ್ಕದಲ್ಲಿ ತಯಾರಿರುತ್ತವೆ. ಒಂದೇ ಸಲಕ್ಕೆ ಸರಿಯಾಗಿ ಒಡೆಯುತ್ತದೆ ಎಂಬ ಭರವಸೆ ಯಾರಿಗೂ ಇರುವುದಿಲ್ಲವಲ್ಲ.

ಮದುವೆಯ ಫೋಟೋ ಇನ್ನೂ ದೊಡ್ಡ ಕಥೆ. ಮೂವತ್ತು ವರ್ಷದ ಹಿಂದೆ ಮದುವೆಯಾದ ಗಂಡ ಹೆಂಡತಿ ಮೊದಲ ಸಲ ಭೇಟಿಯಾಗುವುದೇ ಫೋಟೋ ತೆಗೆಯುವ ದಿನ. ಗಂಡನ ಮೀಸೆಗೆ ಕಪ್ಪು ಹಚ್ಚಿ, ಹೆಂಡತಿಗೆ ಮೊಗ್ಗಿನ ಜಡೆ ಹೆಣೆದು, ಪೇಟ, ಬಾಸಿಂಗ ಎಲ್ಲ ಕಟ್ಟಿ ನಿಲ್ಲಿಸುತ್ತಾರೆ. ಅವಸರದಲ್ಲಿ ಹತ್ತು ನಿಮಿಷದಲ್ಲಿ ಮದುವೆ ಮುಗಿಯುತ್ತದೆ. ಎಷ್ಟೋ ಸಲ ಇಬ್ಬರ ಕಾಲ್‌ಷೀಟೂ ಕೂಡಿಬರುವುದಿಲ್ಲ. ಆಗ ಗಂಡನನ್ನು ಸೋಮವಾರ ಒಂದು ಕಡೆ, ಹೆಂಡತಿಯನ್ನು ಗುರುವಾರ ಇನ್ನೊಂದು ಕಡೆ ಹಿಡಿದು ಫೋಟೋಶಾಪಿನಲ್ಲಿ ಮದುವೆ ಮಾಡಿಸುತ್ತಾರೆ. ಕಷ್ಟವಿರುವುದು ಮೂಗಿನ ನೆರಳಿನಲ್ಲಿ. ಗಂಡನ ಮೂಗಿನ ನೆರಳು ಬಲಗೆನ್ನೆಗೆ ಬಿದ್ದಿದ್ದು, ಹೆಂಡತಿಯದು ಎಡಗೆನ್ನೆಗೆ ಬಿದ್ದಿದ್ದರೆ ಆ ಮದುವೆಯಲ್ಲಿ ಎರಡು ಸೂರ್ಯರಿದ್ದರು ಎಂದೇ ಲೆಕ್ಕ. ನಮ್ಮ ಚಿಗವ್ವನಿಗೆ ನೆರಳಿನ ಶಾಸ್ತ್ರ ಗೊತ್ತಿಲ್ಲ, ಆದರೂ ಒಂದೇ ನೋಟಕ್ಕೆ ಹಿಡಿಯುತ್ತಾಳೆ. "ಇವರಿಬ್ಬರೂ ಜೋಡೀಲೆ ನಿಂತೇ ಇಲ್ಲ ತಗೀ."

ಬಾಲ್ಯದ ಫೋಟೋಗೆ ನಟರನ್ನೇ ಮನೆಯಿಂದ ಹಳೆಯ ಫೋಟೋ ತರಲು ಹೇಳುವುದುಂಟು. 'ಪುಟ್ಟಗೌರಿ ಮದುವೆ'ಯಂಥ ಧಾರಾವಾಹಿಗೆ ಆ ಚಿಂತೆ ಇರಲಿಲ್ಲ. ಹಿಂದಿಯ 'ಬಾಲಿಕಾ ವಧು' ಕಥೆಯ ಮೇಲೆ ಬಂದ ಅದರಲ್ಲಿ ಪುಟ್ಟ ಗೌರಿಯಾಗಿ ಸಾನ್ಯಾ ಅಯ್ಯರ್ ನಟಿಸಿ, ಕಥೆ ವರ್ಷಗಳನ್ನು ಹಾರಿದ ಮೇಲೆ ರಂಜನಿ ರಾಘವನ್ ದೊಡ್ಡ ಗೌರಿಯಾದರು. ದೊಡ್ಡ ಗೌರಿಯ ಬಾಲ್ಯವನ್ನು ನೋಡುಗರು ಕಣ್ಣಾರೆ ಕಂಡಿದ್ದರು. ಉಳಿದ ಧಾರಾವಾಹಿಗಳ ನಾಯಕಿಯರು ಯಾವುದೋ ಹುಡುಗಿಯ ಎರಡು ಜಡೆಯನ್ನು ಎದೆಗವಚಿಕೊಂಡು ಅಳಬೇಕು. ಇನ್ನು ಪೊಲೀಸ್ ಫೈಲಿನ ಫೋಟೋ, ಕಾಣೆಯಾದವರ ಪೋಸ್ಟರು, ವಿಲನ್‌ನ ಮೊಬೈಲಿನಲ್ಲಿರುವ ರಹಸ್ಯದ ಫೋಟೋ, ಇವೆಲ್ಲ ಒಂದೇ ಮಧ್ಯಾಹ್ನದ ಕೆಲಸ.

ಹಾರ ಹಾಕಿದ ಫೋಟೋಗೆ ಮಾತ್ರ ಎಲ್ಲರೂ ಒಪ್ಪುವುದಿಲ್ಲ ಎಂದ ಹುಡುಗ. ಪಾತ್ರವಾಗಿ ಸಾಯಲು ಯಾರಿಗೂ ಅಭ್ಯಂತರವಿಲ್ಲ. ಕುಂಕುಮ ಹಚ್ಚಿಸಿಕೊಂಡು ಗೋಡೆ ಏರುವುದೆಂದರೆ ಮನೆಯವರು ಬೇಡ ಎನ್ನುತ್ತಾರೆ. ತಾಯಿ ಟಿವಿ ನೋಡುತ್ತಿರುತ್ತಾಳೆ, ಇದ್ದಕ್ಕಿದ್ದಂತೆ ಮಗನ ಮುಂದೆ ಊದಿನಕಡ್ಡಿ ಹೊಗೆಯಾಡುತ್ತದೆ. ಅವಳ ಸಂಕಟಕ್ಕೆ ಯಾವ ನಿರ್ದೇಶಕ ಸಮಾಧಾನ ಹೇಳಿಯಾನು?

ಇಷ್ಟೆಲ್ಲ ಪಾಡುಪಟ್ಟರೂ ಆ ಫೋಟೋಗಳು ಸುಳ್ಳು ಎಂದು ನಮಗೆ ಗೊತ್ತಾಗುವುದು ಏಕೆ? ನನ್ನ ವಾದ ಇಷ್ಟೇ: ಅವು ತೀರಾ ಚೆನ್ನಾಗಿರುತ್ತವೆ. ಸತ್ತ ಯಜಮಾನರು ಸಾಯುವುದಕ್ಕೆಂದೇ ಕೂತು ಫೋಟೋ ತೆಗೆಸಿಕೊಂಡಿರುತ್ತಾರೆ. ಕಾಲರ್ ನೆಟ್ಟಗೆ, ನೋಟ ನೆಟ್ಟಗೆ, ತುಟಿಯಲ್ಲಿ ಆಸ್ತಿಗೆ ತಕ್ಕ ಮುಗುಳ್ನಗೆ. ನಮ್ಮ ಹೊನವಾಡದ ಗೋಡೆಗಳಲ್ಲಿ ಹೀಗಿರುವ ಒಬ್ಬ ಹಿರಿಯನನ್ನು ತೋರಿಸಿ ನೋಡೋಣ. ಯಾರದೋ ಲಗ್ನದ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದರಿಂದ ನಮ್ಮಜ್ಜನ ಭುಜದ ಮೇಲೆ ಇವತ್ತಿಗೂ ಯಾರದೋ ನಾಲ್ಕು ಬೆರಳುಗಳಿವೆ. ಆ ಕೈ ಯಾರದು ಎಂಬುದರ ಬಗ್ಗೆ ಮನೆಯಲ್ಲಿ ಎರಡು ಪಂಗಡಗಳಿವೆ. ಧಾರಾವಾಹಿಯವರು ಹಳೆಯ ಫೋಟೋ ಎಂದರೆ ಕಂದು ಬಣ್ಣ ಬಳಿದುಬಿಡುತ್ತಾರೆ. ಎಂಬತ್ತರ ದಶಕದ ನಮ್ಮ ಕಲರ್ ಫೋಟೋಗಳು ಕಂದಾಗಲಿಲ್ಲ, ಕೆಂಪಾದವು. ಆ ಕಾಲದ ಕಾಗದದಲ್ಲಿ, ಟ್ರಂಕಿನ ಕತ್ತಲೆಯಲ್ಲಿಟ್ಟರೂ, ನೀಲಿಯ ಬಣ್ಣ ಮೊದಲು ಸೋತುಹೋಗಿ ಕೆಂಪು ಉಳಿಯುತ್ತಿತ್ತು. ನಮ್ಮ ಮಾವನ ಲಗ್ನದಲ್ಲಿ ಆಕಾಶ, ಎತ್ತು, ಬೀಗರು ಎಲ್ಲರೂ ಒಂದೇ ಬಣ್ಣಕ್ಕೆ ತಿರುಗಿದ್ದಾರೆ. ತೊಂಬತ್ತರ ದಶಕದವುಗಳ ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು, ಅದೂ ಬಹುತೇಕ ತಪ್ಪು ತಾರೀಖು. ಇಂಥ ತಪ್ಪುಗಳನ್ನು ಬೇಕೆಂದೇ ಮಾಡುವುದು ಕಷ್ಟ.

ಆದರೆ ಸುಳ್ಳು ಫೋಟೋ ಎಂದು ಮೂಗು ಮುರಿಯುವ ಮುನ್ನ ನಮ್ಮದೇ ಗೋಡೆ ನೋಡಿಕೊಳ್ಳಬೇಕು. ನಡುವೆ ಬಸವಣ್ಣನವರಿದ್ದಾರೆ. ನಮ್ಮದೇ ಜಿಲ್ಲೆಯ ಬಸವನ ಬಾಗೇವಾಡಿಯವರು, ಹನ್ನೆರಡನೆಯ ಶತಮಾನದವರು. ಅವರು ಹೇಗಿದ್ದರು ಎಂಬುದು ಚಿತ್ರಕಾರನ ಭಕ್ತಿಗೆ ಬಿಟ್ಟ ವಿಷಯ. ಆ ಕಿರೀಟದಂಥ ಪೇಟದಲ್ಲಿ ಅಲ್ಲದೆ ಬೇರೆ ಹೇಗೆ ಬಂದರೂ ನಾವು ಅವರ ಗುರುತು ಹಿಡಿಯುವುದಿಲ್ಲ. ಪಕ್ಕದಲ್ಲಿ ಸಿದ್ಧೇಶ್ವರ ಅಪ್ಪಗಳ ಫೋಟೋ, ಇದು ಖರೆ ಫೋಟೋ. ನಮ್ಮ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದು, 2023ರ ಜನವರಿ 2ರಂದು ಲಿಂಗೈಕ್ಯರಾದರು. ತಮಗೊಂದು ಸ್ಮಾರಕ ಬೇಡ ಎಂದು ಮೊದಲೇ ಬರೆದಿಟ್ಟಿದ್ದರು. ಸ್ಮಾರಕ ಬೇಡವೆಂದರು, ಫೋಟೋದ ಬಗ್ಗೆ ಏನೂ ಹೇಳಲಿಲ್ಲ ಎಂದು ಜನ ಸಮಾಧಾನ ಮಾಡಿಕೊಂಡಿರಬೇಕು. ಕಿರಾಣಿ ಅಂಗಡಿಯಿಂದ ಟ್ರ್ಯಾಕ್ಟರಿನವರೆಗೆ ಅವರಿಲ್ಲದ ಜಾಗವಿಲ್ಲ. ಧಾರಾವಾಹಿಯವರು ಉತ್ತರ ಕರ್ನಾಟಕದ ಮನೆ ಎಂದು ತೋರಿಸುವಾಗ ರೊಟ್ಟಿ ತರುತ್ತಾರೆ, ಇಳಕಲ್ ಸೀರೆ ತರುತ್ತಾರೆ, ನಮ್ಮ ಗೋಡೆಯನ್ನು ಮಾತ್ರ ತರುವುದಿಲ್ಲ.

ಈ ಕಷ್ಟ ದೊಡ್ಡವರಿಗೂ ಬಂದದ್ದಿದೆ. ಸ್ಟ್ಯಾನ್ಲಿ ಕುಬ್ರಿಕ್ 1980ರಲ್ಲಿ 'ದಿ ಶೈನಿಂಗ್' ತೆಗೆದಾಗ ಕೊನೆಗೆ ಒಂದು ಹಳೆಯ ಗುಂಪಿನ ಫೋಟೋ ಬೇಕಾಗಿತ್ತು. 1921ರ ಪಾರ್ಟಿಯೊಂದರ ಫೋಟೋ, ಅದರ ನಡುವೆ ನಾಯಕ ಜಾಕ್ ನಿಕೋಲ್ಸನ್. ಎಕ್ಸ್‌ಟ್ರಾ ನಟರನ್ನು ನಿಲ್ಲಿಸಿ ತೆಗೆಯುವ ಯೋಚನೆಯಿತ್ತು, ಆದರೆ ಆ ಕಾಲದವರ ಮುಖಗಳು ಈ ಕಾಲದವರಿಗೆ ಬರಲಿಲ್ಲ. ಕೊನೆಗೆ ನಿಜವಾದ ಹಳೆಯ ಫೋಟೋ ಹುಡುಕಿ, ಅದರಲ್ಲಿದ್ದ ಒಬ್ಬನ ಮುಖ ತೆಗೆದು ನಿಕೋಲ್ಸನ್ ಮುಖ ಕೂರಿಸಿ, ಅಂಚನ್ನು ಕೈಯಿಂದ ಬಣ್ಣ ಹಾಕಿ ಬೆಸೆದರು. ಮುಖ ಕಳೆದುಕೊಂಡ ಆ ಮನುಷ್ಯ ಯಾರೆಂದು ಪತ್ತೆಯಾದದ್ದು 2025ರಲ್ಲಿ: ಲಂಡನ್ನಿನ ನೃತ್ಯಗಾರ ಸ್ಯಾಂಟೋಸ್ ಕಸಾನಿ. ನಲವತ್ತೈದು ವರ್ಷ ಜಗತ್ತೆಲ್ಲ ನೋಡಿದ ಫೋಟೋದಲ್ಲಿ ಅವನ ಮೈ ಅವನದೇ, ತಲೆ ಮಾತ್ರ ಬೇರೆಯವರದು.

ವಿಜಯಪುರದವರು ಇದನ್ನು ಇನ್ನೂ ಮುನ್ನೂರು ವರ್ಷ ಮೊದಲೇ ಮಾಡಿ ಮುಗಿಸಿದ್ದರು ಎಂದರೆ ಬೆಂಗಳೂರಿನ ಹುಡುಗ ನಂಬಲಿಲ್ಲ. ಸುಮಾರು 1680ರಲ್ಲಿ ಕಮಾಲ್ ಮುಹಮ್ಮದ್, ಚಾಂದ್ ಮುಹಮ್ಮದ್ ಎಂಬ ಇಬ್ಬರು ಆದಿಲ್‌ಶಾಹಿ ಮನೆತನದ ಚಿತ್ರ ಬರೆದರು. ಈಗ ಅದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಮನೆತನ ಕಟ್ಟಿದ ಯೂಸುಫ್ ಸತ್ತು ಆಗಲೇ ನೂರೆಪ್ಪತ್ತು ವರ್ಷ. ಆದರೂ ಅವನು ಚಿತ್ರದಲ್ಲಿದ್ದಾನೆ, ಇರಾನಿನ ದೊರೆಯ ಕೈಯಿಂದ ಅಧಿಕಾರದ ಬೀಗದ ಕೈ ಇಸಿದುಕೊಳ್ಳುತ್ತಿದ್ದಾನೆ. ಅವನ ಮಗ, ಮೊಮ್ಮಗ, ಗೋಳಗುಮ್ಮಟದಲ್ಲಿ ಮಲಗಿದ ಮುಹಮ್ಮದ್ ಎಲ್ಲರೂ ಒಂದೇ ಹೊತ್ತಿಗೆ ಕೂಡಿದ್ದಾರೆ. ಆಗ ಆಳುತ್ತಿದ್ದ ಸಿಕಂದರ್ ಇನ್ನೂ ಹುಡುಗ, ಅಜ್ಜ ಮುತ್ತಜ್ಜರ ಜೊತೆಗೇ ಇದ್ದಾನೆ. ಒಬ್ಬರ ಕಾಲ್‌ಷೀಟ್ ಇನ್ನೊಬ್ಬರಿಗೆ ಸಿಗುವಂತಿರಲಿಲ್ಲ. ಆದರೂ ನೆರಳು ತಪ್ಪಿಲ್ಲ, ಏಕೆಂದರೆ ನೆರಳನ್ನೇ ಬರೆದಿಲ್ಲ. ಆರು ವರ್ಷಕ್ಕೆ, 1686ರಲ್ಲಿ, ಔರಂಗಜೇಬ ಬಂದು ರಾಜ್ಯ ತೆಗೆದುಕೊಂಡ. ಬೀಗದ ಕೈ ಇದ್ದದ್ದು ಚಿತ್ರದಲ್ಲಿ ತಾನೇ.

ಆ ಇಬ್ಬರ ಕಸುಬು ವಿಜಯಪುರದಲ್ಲಿ ನಿಂತುಹೋಗಿಲ್ಲ. ನನಗೆ ಪರಿಚಯದ ಸ್ಟುಡಿಯೋದವನೊಬ್ಬ ಇದ್ದಾನೆ. ಮಣ್ಣು ಮಾಡಿ ಬಂದ ಮರುದಿನವೇ ಮಕ್ಕಳು ಅವನ ಹತ್ತಿರ ಅವ್ವನ ಆಧಾರ್ ಕಾರ್ಡ್ ಹಿಡಿದು ಬರುತ್ತಾರೆ. ಆಧಾರ್ ಕಾರ್ಡಿನ ಫೋಟೋ ಗೊತ್ತಲ್ಲ, ಬದುಕಿದ್ದಾಗಲೇ ಅದರಲ್ಲಿ ಯಾರೂ ಬದುಕಿದಂತೆ ಕಾಣುವುದಿಲ್ಲ. ಅವನು ಅದರಿಂದ ಮುಖವೊಂದನ್ನೇ ಬಿಡಿಸಿಕೊಳ್ಳುತ್ತಾನೆ, ಸುಕ್ಕು ಅರ್ಧ ಇಳಿಸುತ್ತಾನೆ. ಪೂರ್ತಿ ಇಳಿಸಿದರೆ ಇವಳು ನಮ್ಮವ್ವ ಅಲ್ಲ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಅವನ ಬಳಿ ತಯಾರು ಮೈಗಳ ಒಂದು ಫೋಲ್ಡರೇ ಇದೆ: ಹಸಿರು ಇಳಕಲ್ ಸೀರೆಯದು, ಕೆಂಪು ದಡಿಯದು, ರುಮಾಲು ಸುತ್ತಿ ಕೋಟು ಹಾಕಿದ ಗಂಡಸಿನದು. ಯಾವುದಕ್ಕೆ ಯಾರ ತಲೆ ಎಂಬುದನ್ನು ಕುಟುಂಬದವರು ಕೂಡಿ ಆರಿಸುತ್ತಾರೆ. ಹತ್ತು ವರ್ಷ ಮೊದಲೇ ತೀರಿಕೊಂಡ ಅಪ್ಪನನ್ನೂ ತಂದು ಪಕ್ಕದಲ್ಲಿ ಕೂರಿಸುತ್ತಾನೆ. ಕೊನೆಗೆ ದಾಗೀನು. ಸಾಲದಲ್ಲೇ ಬದುಕಿ ಸಾಲದಲ್ಲೇ ಹೋದ ಅವ್ವನ ಕೊರಳು ಬರಿದಾಗಿ ಗೋಡೆ ಏರುವುದು ಯಾವ ಮಗನಿಗೂ ಮನಸ್ಸಿಗೆ ಬರುವುದಿಲ್ಲ. "ಒಂದು ಬೋರಮಾಳ ಹಾಕ್ರಿ" ಎನ್ನುತ್ತಾರೆ. ಅದಕ್ಕೂ ಒಂದು ಫೋಲ್ಡರಿದೆ.

ನಮ್ಮ ಸಂಬಂಧದವರ ಒಂದು ಮನೆಯಲ್ಲಿ ಹೀಗೆ ಗೋಡೆ ಏರಿದ ಅಜ್ಜಿ ಹಲವು ವರ್ಷ ಸುಖವಾಗಿದ್ದಳು. ಅಣ್ಣತಮ್ಮಂದಿರು ಬೇರೆಯಾಗುವ ಹೊತ್ತಿಗೆ ಹೊಸದಾಗಿ ಬಂದ ಕಿರಿ ಸೊಸೆ ಫೋಟೋ ನೋಡಿದಳು, ಹಿರಿಯರ ಮುಂದೆ ಕೇಳಿದಳು: "ಹೊಲ ಹಂಚಿದ್ರಿ, ದನ ಹಂಚಿದ್ರಿ. ಅತ್ತೀ ಕೊಳ್ಳಾಗಿನ ಬೋರಮಾಳ ಯಾರ ಪಾಲಿಗಿ ಹೋತ್ರಿ?" ಅಂಥದ್ದು ಇರಲೇ ಇಲ್ಲ ಎಂದು ಮೂವರು ಗಂಡುಮಕ್ಕಳೂ ಆಣೆ ಮಾಡಿದರು. ಆಣೆ ಮಾಡಿದಷ್ಟೂ ಅನುಮಾನ ಗಟ್ಟಿಯಾಯಿತು. ಕೊನೆಗೆ ಸ್ಟುಡಿಯೋದವನನ್ನೇ ಸಾಕ್ಷಿಗೆ ಕರೆಸಿದರು. ಅವನು ಲ್ಯಾಪ್‌ಟಾಪ್ ತೆರೆದು, ಅದೇ ಬೋರಮಾಳ ಬಬಲೇಶ್ವರದ ಒಬ್ಬ ಮುದುಕಿಯ ಕೊರಳಲ್ಲಿ, ತಿಕೋಟಾದ ಇನ್ನೊಬ್ಬಳ ಕೊರಳಲ್ಲಿ, ಹೀಗೆ ಹತ್ತಾರು ಜನರ ಕೊರಳಲ್ಲಿ ಇರುವುದನ್ನು ಒಂದೊಂದಾಗಿ ತೋರಿಸಿದ. ಹಿರಿಯರು ತಲೆದೂಗಿದರು. ಸೊಸೆ ಎಲ್ಲವನ್ನೂ ಕಣ್ಣಿಟ್ಟು ನೋಡಿ ಎದ್ದು ನಿಂತಳು.

"ಅದೆಲ್ಲಾ ಇರಲ್ರಿ. ನಮ್ಮತ್ತೀ ಬೋರಮಾಳ ಆ ಬಬಲೇಶ್ವರದಾಕಿ ಕೊಳ್ಳಾಗ ಹ್ಯಾಂಗ ಹೋತು?"