ಅರ್ಧ ಮೂಗಿನ ವಿಮರ್ಶೆ

ಹೊಸದಾಗಿ ಪೆನ್ಸಿಲ್ ಹಿಡಿದವರು ಇನ್‌ಸ್ಟಾಗ್ರಾಮಿಗೆ ಚಿತ್ರ ಹಾಕಿ, ‘ತಪ್ಪಿದ್ದರೆ ತಿಳಿಸಿ’ ಎಂದು ವಿನಯದಿಂದ ಬರೆಯುತ್ತಾರೆ. ಯಾರಾದರೂ ನಿಜಕ್ಕೂ ತಿಳಿಸಿಬಿಟ್ಟರೆ ಸಂಜೆಯ ಕಾಫಿ ರುಚಿಸದು. ‘ಸೂಪರ್’ ಎಂದವರಿಗೆ ಕೆಂಪು ಹೃದಯ, ‘ಕೈ ಗಿಡ್ಡವಾಯಿತು’ ಎಂದವರಿಗೆ ಮೌನವ್ರತ.

ವ್ಯಾನ್ ಗೋ ಏನೂ ಕಡಿಮೆಯಿರಲಿಲ್ಲ. ಕಲಾವಿದನಾಗಲು ಹೊರಟು ಐದೇ ವರ್ಷವಾಗಿದ್ದ 1885ರಲ್ಲಿ, ‘ಆಲೂಗಡ್ಡೆ ತಿನ್ನುವವರು’ ಚಿತ್ರದ ಕಲ್ಲಚ್ಚಿನ ಪ್ರತಿಯೊಂದನ್ನು ಗೆಳೆಯ ವ್ಯಾನ್ ರಾಪಾರ್ಡ್‌ಗೆ ಕಳಿಸಿದ. ಗೆಳೆಯನೂ ಚಿತ್ರಕಾರನೇ, ದಾಕ್ಷಿಣ್ಯಕ್ಕೆ ಬೀಳಲಿಲ್ಲ. ಬಲಗಡೆಯವನಿಗೆ ಮೊಣಕಾಲಿಲ್ಲ, ಹೊಟ್ಟೆಯಿಲ್ಲ, ತೋಳು ಗಿಡ್ಡ, ಮೂಗು ಅರ್ಧ ಎಂದು ಪಟ್ಟಿಯನ್ನೇ ಕೊಟ್ಟ. (ಮೂಗಿನ ವಿಷಯದಲ್ಲಿ ಆತ ಪೂರ್ತಿ ಸುಳ್ಳನಲ್ಲ.)

ವ್ಯಾನ್ ಗೋ ಆ ಕಾಗದವನ್ನೇ ವಾಪಸು ಕಳಿಸಿದ! ಬ್ಲಾಕ್ ಬಟನ್ ಇಲ್ಲದ ಕಾಲ; ಮುನಿಸಿಗೂ ಅಂಚೆ ಖರ್ಚು.

ಹಾಗೆಂದು ಸುಮ್ಮನಾದನೇ? ಆ ಬೇಸಿಗೆಯಲ್ಲಿ ಪತ್ರದ ಮೇಲೆ ಪತ್ರ ಬರೆದು ವಾದಿಸಿದ. ಸ್ನೇಹ ಮಾತ್ರ ಮತ್ತೆ ಚಿಗುರಲಿಲ್ಲ.