ಅಚ್ಚಿನ ತಪ್ಪಿಗೆ ಪವಿತ್ರಾತ್ಮನೇ ಹೊಣೆ

ನಮ್ಮ ಸೀಮೆಯ ಕ್ರೈಸ್ತ ಲೇಖಕರಿಗಿರುವ ಅನುಕೂಲ ನಾಡಿನ ಬೇರೆ ಯಾವ ಲೇಖಕರಿಗೂ ಇಲ್ಲ. ಪುಸ್ತಕ ಚೆನ್ನಾಗಿಲ್ಲ ಅಂತ ಇವರಿಗೆ ಯಾರೂ ಹೇಳುವಂತಿಲ್ಲ. ಮುನ್ನುಡಿಯ ಮೊದಲ ಸಾಲಿನಲ್ಲೇ ಜಾಮೀನು ತಗೊಂಡಿರುತ್ತಾರೆ: ‘ಇದನ್ನು ಬರೆದವನು ನಾನಲ್ಲ, ಪವಿತ್ರಾತ್ಮನು ಬರೆಸಿದ್ದು, ನಾನು ಬರೀ ಲೇಖನಿ.’ ಇಷ್ಟಾದ ಮೇಲೆ ಐದನೇ ಪುಟದ ಶಿಲುಬೆ ಒಂಬತ್ತನೇ ಪುಟದಲ್ಲಿ ‘ಸಿಲುಬೆ’ಯಾಗಿ, ಹನ್ನೊಂದರಲ್ಲಿ ‘ಶೀಲುಬೆ’ಯಾದರೆ ಯಾರನ್ನು ಕೇಳುವುದು? ಪೆಂತೆಕೊಸ್ತಿನ ದಿನ ಜೆರೂಸಲೇಮಿನಲ್ಲಿ ಅಷ್ಟೊಂದು ಭಾಷೆ ಮಾತಾಡಿಸಿದ ಆತ್ಮಕ್ಕೆ ಕನ್ನಡದ ಶ-ಸ, ಹ್ರಸ್ವ-ದೀರ್ಘ ಮಾತ್ರ ಕೈಕೊಟ್ಟಿತು ಅಂತ ನಂಬಬೇಕು. ನಂಬಿಕೆಯೇ ಮುಖ್ಯ ತಾನೆ.

ಇಂಥ ಲೇಖನಿಗಳೆಲ್ಲ ಬಳ್ಳಾರಿಯಲ್ಲಿ ಒಂದೆಡೆ ಸೇರುತ್ತವೆ ಅಂತ ವಾಟ್ಸಾಪಿನಲ್ಲಿ ಕರೆಯೋಲೆ ಬಂತು. ನಮ್ಮೂರು ರೂಪನಗುಡಿಯವರಿಗೆ ಬಳ್ಳಾರಿ ಹೊಸದಲ್ಲ. ಗೊಬ್ಬರ, ಆಸ್ಪತ್ರೆ, ಕೋರ್ಟು ಅಂತ ಹೋಗುತ್ತಲೇ ಇರುತ್ತೇವೆ. ಸಾಹಿತಿಯಾಗಿ ಹೋಗಬೇಕಾದರೆ ಮಾತ್ರ ಜುಬ್ಬಕ್ಕೆ ಇಸ್ತ್ರಿ ಬೇಕಾಗುತ್ತದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹಿರಿಯರು ಎಲ್ಲಿಗೆ ಅಂದರು. ಲೇಖಕರ ಸಮ್ಮೇಳನ ಅಂದೆ. ‘ಊಟ ಐತೇನ್ರಿ?’ ಅಂದರು. ದಿನದ ಅತಿ ಮುಖ್ಯ ಪ್ರಶ್ನೆಯನ್ನು ಅವರು ಬಸ್ಸಿನಲ್ಲೇ ಕೇಳಿ ಮುಗಿಸಿದ್ದರು ಅಂತ ನನಗೆ ಗೊತ್ತಾದದ್ದು ಸಂಜೆ.

ಬಾಗಿಲಲ್ಲಿ ಶುಲ್ಕ ಕಟ್ಟಿದ್ದಕ್ಕೆ ಒಂದು ಚೀಲ ಕೊಟ್ಟರು. ಒಳಗೆ ಪ್ಯಾಡು, ಬರೆಯದ ಪೆನ್ನು, ಮೂರು ಕರಪತ್ರ. ಎರಡರಲ್ಲಿ ನಾನು ನರಕಕ್ಕೆ ಹೋಗುವ ಸಂಭವದ ವಿವರವಿತ್ತು, ಮೂರನೆಯದರಲ್ಲಿ ಬೈಪಾಸ್ ಪಕ್ಕದ ಸೈಟುಗಳ ಜಾಹೀರಾತು. ಕಂತಿನ ಸೌಲಭ್ಯ ಇದ್ದದ್ದು ಮೂರನೆಯದಕ್ಕೆ ಮಾತ್ರ. ಬ್ಯಾಡ್ಜಿನಲ್ಲಿ ಬಣ್ಣಭೇದ: ಲೇಖಕರಿಗೆ ನೀಲಿ, ಹಿರಿಯ ಲೇಖಕರಿಗೆ ಕೆಂಪು, ಗಣ್ಯರಿಗೆ ಜರಿ ಅಂಚು. ಓದುಗರಿಗೆ ಯಾವ ಬಣ್ಣ ಅಂತ ಕೇಳಿದೆ. ಆ ಹೆಸರಿನಲ್ಲಿ ಯಾರೂ ನೋಂದಾಯಿಸಿಕೊಂಡಿಲ್ಲ ಅಂದರು.

ಉದ್ಘಾಟನೆ ತಡವಾಯಿತು. ಎಂದಿನಂತೆ ಮುಖ್ಯ ಅತಿಥಿಯಿಂದಲ್ಲ, ದೀಪದಿಂದ. ಕಥೋಲಿಕ ಫಾದರ್ ಒಬ್ಬರು ಹಿತ್ತಾಳೆ ದೀಪದ ಕಂಬ ತರಿಸಿದ್ದರು. ತುದಿಯಲ್ಲಿ ಪುಟ್ಟ ಶಿಲುಬೆಯೂ ಇತ್ತು. ಪೆಂತೆಕೊಸ್ತ್ ಪಾಸ್ಟರು ಅದನ್ನು ನೋಡಿದ್ದೇ ‘ಇದು ಅನ್ಯರ ಪದ್ಧತಿ ಬ್ರದರ್’ ಅಂದು ವೇದಿಕೆಯಿಂದ ಎರಡು ಮೆಟ್ಟಿಲು ಇಳಿದರು. ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಅಯ್ಯನವರು ಮೇಣದಬತ್ತಿ ಹಿಡಿದು ರಾಜಿಗೆ ಬಂದರು. ಆದರೆ ಫ್ಯಾನ್ ತಿರುಗುತ್ತಿದ್ದರೆ ಮೇಣದಬತ್ತಿ ನಿಲ್ಲುವುದಿಲ್ಲ, ಫ್ಯಾನ್ ನಿಂತರೆ ಬಳ್ಳಾರಿಯಲ್ಲಿ ಮನುಷ್ಯ ನಿಲ್ಲುವುದಿಲ್ಲ. ಕಡೆಗೆ ಸಸಿಗೆ ನೀರೆರೆಯೋಣ ಅಂತ ತೀರ್ಮಾನವಾಯಿತು. ಸಸಿ ಯಾವ ಸಭೆಯಲ್ಲೂ ದೀಕ್ಷಾಸ್ನಾನ ಪಡೆದಿರಲಿಲ್ಲ, ಹಾಗಾಗಿ ಯಾರ ತಕರಾರೂ ಬರಲಿಲ್ಲ. ವೇದಿಕೆಯಲ್ಲಿದ್ದ ಎಲ್ಲ ಗಣ್ಯರೂ ಒಬ್ಬೊಬ್ಬರಾಗಿ ಚೊಂಬು ಬಗ್ಗಿಸಿದರು, ಫೋಟೊದವನು ಇನ್ನೊಂದ್ಸಲ ಅಂದಾಗ ಇನ್ನೊಂದು ಸಲ ಬಗ್ಗಿಸಿದರು. ಸಸಿ ಸಂಜೆಯೊಳಗೆ ಕೊಳೆತಿರಬೇಕು.

ಪ್ರಾರ್ಥನಾ ಗೀತೆ ತೆಲುಗಿನಲ್ಲಿ. ‘ಕನ್ನಡ’ ಎಂಬ ಮೂರು ಅಕ್ಷರ ಎಲ್ಲಕ್ಕಿಂತ ದಪ್ಪಗಿದ್ದ ಬ್ಯಾನರಿನ ಕೆಳಗೆ ನಿಂತು ನಮ್ಮ ಗಾಯನ ತಂಡ ಕೀಬೋರ್ಡು, ರಿದಮ್ ಪ್ಯಾಡು ಸಮೇತ ತೆಲುಗಿನಲ್ಲಿ ದೇವರನ್ನು ಕರೆಯಿತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಸುದ್ದಿ ಗಾಯನ ತಂಡಕ್ಕೆ ಇನ್ನೂ ತಲುಪಿಲ್ಲ. ಹಾಡಿದ ಹುಡುಗನನ್ನು ಮೆಲ್ಲಗೆ ಕೇಳಿದೆ. ‘ಕನ್ನಡದಾಗ ಟ್ರ್ಯಾಕ್ ಸಿಗಂಗಿಲ್ರಿ ಅಂಕಲ್’ ಅಂದ. ಅವನದೇನೂ ತಪ್ಪಿಲ್ಲ. ಟ್ರ್ಯಾಕ್ ಮಾಡಬೇಕಾದವರು ನೀಲಿ, ಕೆಂಪು ಬ್ಯಾಡ್ಜು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದರು.

ಆಮೇಲೆ ಶುರುವಾದದ್ದು ಕಿಟ್ಟೆಲ್. ಸ್ವಾಗತದಲ್ಲಿ ಕಿಟ್ಟೆಲ್, ಪ್ರಾಸ್ತಾವಿಕದಲ್ಲಿ ಕಿಟ್ಟೆಲ್, ಆಶಯ ಭಾಷಣದಲ್ಲಿ ಕಿಟ್ಟೆಲ್. ಆತನ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ಅದರಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳಿವೆ ಎಂಬುದು ಟೀ ಬರುವ ಹೊತ್ತಿಗೆ ಕುರ್ಚಿ ಜೋಡಿಸುವ ಹುಡುಗರಿಗೂ ಬಾಯಿಪಾಠವಾಗಿತ್ತು. ಆ ಎಪ್ಪತ್ತು ಸಾವಿರದಲ್ಲಿ ಭಾಷಣಕಾರರು ಬಳಸಿದ್ದು ಇನ್ನೂರಿರಬಹುದು. ಉಳಿದವು ನಿಘಂಟಿನಲ್ಲಿ ಕ್ಷೇಮವಾಗಿವೆ.

ತಾವು ನಿಂತಿರುವ ನೆಲ ಯಾವುದು ಎಂಬುದು ಮಾತ್ರ ಯಾರಿಗೂ ನೆನಪಿಗೆ ಬರಲಿಲ್ಲ. ಕಿಟ್ಟೆಲ್ ಹುಟ್ಟುವ ಮುಂಚೆ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದಿಳಿದದ್ದು ಇದೇ ಬಳ್ಳಾರಿಗೆ. ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಈ ಬಿಸಿಲಿನಲ್ಲಿ ಕೂತು ನಡೆಯಿತು. ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹುಟ್ಟಿದ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ ಮರುವರ್ಷವೇ ಹೆಸರು ಬದಲಿಸಿಕೊಂಡು ‘ಕಂನಡ ಸಮಾಚಾರ’ವಾಗಿ ಅಚ್ಚಾಗಲು ಬಂದದ್ದೂ ಬಳ್ಳಾರಿಗೇ. ಮಂಗಳೂರಿನವರು ಪತ್ರಿಕೆ ಅಚ್ಚು ಹಾಕಿಸಲು ಬಳ್ಳಾರಿಗೆ ಬರುತ್ತಿದ್ದ ಕಾಲ ಅದು. ಈ ಸಮ್ಮೇಳನದ ಕರೆಯೋಲೆ ಅಚ್ಚಾದದ್ದು ಶಿವಕಾಶಿಯಲ್ಲಿ.

ಮುಖ್ಯ ಗೋಷ್ಠಿಯ ವಿಷಯ ‘ಕ್ರೈಸ್ತ ಸಾಹಿತ್ಯ ಎಂದರೇನು?’ ಅಧ್ಯಕ್ಷರು ಕೊಟ್ಟ ವ್ಯಾಖ್ಯೆಯನ್ನು ಬರೆದುಕೊಳ್ಳಲು ಪಕ್ಕದವರ ಪೆನ್ನು ಪಡೆದೆ: ಕರ್ತನನ್ನು ಮಹಿಮೆಪಡಿಸಿ, ಓದಿದವನನ್ನು ರಕ್ಷಣೆಗೆ ನಡೆಸುವ ಬರಹವೇ ಕ್ರೈಸ್ತ ಸಾಹಿತ್ಯ, ಉಳಿದದ್ದು ಲೋಕದ ಸಾಹಿತ್ಯ. ಸಭೆ ಆಮೆನ್ ಅಂದಿತು. ನಾನು ಕೂತಲ್ಲೇ ಈ ಗೋಷ್ಠಿಯವರನ್ನು ಪುಸ್ತಕದ ಆಯ್ಕೆ ಸಮಿತಿಯಾಗಿ ಕೂರಿಸಿ, ಬೆಳಿಗ್ಗೆಯಿಂದ ಜೈಕಾರ ಹಾಕಿಸಿಕೊಂಡವರನ್ನೇ ಸಾಲಾಗಿ ಒಳಗೆ ಬಿಟ್ಟು ನೋಡಿದೆ.

ಮೊದಲು ಮೋಗ್ಲಿಂಗ್. ಏನು ಅಚ್ಚು ಹಾಕಿಸಿದ್ದೀರಿ ಅಯ್ಯನವರೇ? ಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳು. ಮಿಷನ್ನಿಗೆ ಬಂದವರು ದಾಸರ ಪದ ಕೂಡಿಸುತ್ತಾ ಕೂತಿರಾ? ತಿರಸ್ಕೃತ. ಮುಂದೆ ಸ್ವತಃ ಕಿಟ್ಟೆಲ್, ಕಂಕುಳಲ್ಲಿ ಜೈನ ಕೇಶಿರಾಜನ ‘ಶಬ್ದಮಣಿದರ್ಪಣ’, ಇನ್ನೊಂದರಲ್ಲಿ ನಾಗವರ್ಮನ ‘ಛಂದೋಂಬುಧಿ’. ಇದರಿಂದ ಎಷ್ಟು ಆತ್ಮ ರಕ್ಷಣೆಯಾದವು? ಒಂದೂ ಇಲ್ಲ. ನಿಘಂಟಿನಲ್ಲಿ ಬೈಗುಳಗಳೂ ಇವೆಯಂತಲ್ಲ? ಇವೆ. ಪಾಪ, ಕ್ರಿಸ್ತನ ಕಥೆ ಹೇಳಿದ ‘ಕಥಾಮಾಲೆ’ಯನ್ನು ಆತ ಮೆಲ್ಲಗೆ ಮುಂದೆ ಸರಿಸುತ್ತಾನೆ. ಸಮಿತಿಯ ಮುಖ ಅರಳುತ್ತದೆ, ಪುಟ ತಿರುವುತ್ತಲೇ ಬಾಡುತ್ತದೆ. ಅದು ಕನ್ನಡದ ದೇಸಿ ಛಂದಸ್ಸಿನಲ್ಲಿದೆ. ಅನ್ಯರ ಪದ್ಧತಿ ಬ್ರದರ್.

ಮೂರನೆಯವರು ನಮ್ಮವರೇ, ಉತ್ತಂಗಿ ಚನ್ನಪ್ಪನವರು. ಉತ್ತಂಗಿ ಎಂಬ ಊರಿರುವುದು ಹೂವಿನ ಹಡಗಲಿ ತಾಲ್ಲೂಕಿನಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಆಗುವತನಕ ಅದು ಬಳ್ಳಾರಿ ಜಿಲ್ಲೆಯದೇ. ಬಾಸೆಲ್ ಮಿಷನ್ನಿನ ಸಭಾಪಾಲಕರು, ಮಾಡಿದ ಕೆಲಸ ನೋಡಿದರೆ ಸರ್ವಜ್ಞನ ವಚನಗಳನ್ನು ಹುಡುಕಿ ಹುಡುಕಿ ಕೂಡಿಸಿ 1924ರಲ್ಲಿ ಪ್ರಕಟಿಸಿದ್ದು. ಅದೂ ಸಾಲದು ಅಂತ ಅನುಭವ ಮಂಟಪ ನಿಜವಾಗಿ ಇತ್ತೆಂದು ಸಾಧಿಸಲು ಪುಸ್ತಕ ಬರೆದರು. ಕನ್ನಡಿಗರು ಅವರನ್ನು 1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದರು. ನಮ್ಮ ಸಮಿತಿ ಮಾತ್ರ ‘ಪಾದ್ರಿಗಳಾಗಿ ಸರ್ವಜ್ಞನ ಕೆಲಸವೇಕೆ?’ ಎಂಬ ಟಿಪ್ಪಣಿಯೊಂದಿಗೆ ಕಡತ ಹಿಂದಿರುಗಿಸುತ್ತದೆ. ಕೊನೆಗೆ ಸಾಗರದಿಂದ ನಾ. ಡಿಸೋಜ, 2014ರ ಮಡಿಕೇರಿ ಸಮ್ಮೇಳನದ ಅಧ್ಯಕ್ಷರು, ಕೈಯಲ್ಲಿ ‘ದ್ವೀಪ’. ಶರಾವತಿಗೆ ಅಣೆಕಟ್ಟು ಬಂದು ಮುಳುಗುವ ಮನೆಯ ಕಥೆ. ನಾಯಕನ ಹೆಸರು ಗಣಪಯ್ಯ. ಕೊನೆಯ ಪುಟದಲ್ಲೂ ಗಣಪಯ್ಯನೇ. ಮುಳುಗಡೆಯಾಗುವಷ್ಟು ನೀರಿದ್ದೂ ಒಬ್ಬರಿಗಾದರೂ ದೀಕ್ಷಾಸ್ನಾನ ಕೊಡಿಸದ ಕಾದಂಬರಿ!

ಹೀಗೆ ಎಲ್ಲರೂ ಹೊರಗುಳಿದು ಒಳಗೆ ಉಳಿಯುವವರು ಯಾರಪ್ಪಾ ಅಂದರೆ ಸಮಿತಿಯವರೇ. ಅವರವರ ಪುಸ್ತಕಗಳನ್ನು ಅವರವರೇ ಆರಿಸಿಕೊಂಡು ಅವರವರಿಗೇ ಶಾಲು ಹೊದಿಸಿಕೊಳ್ಳುವುದಕ್ಕೆ ಮಧ್ಯಾಹ್ನದ ಸನ್ಮಾನ ಕಾರ್ಯಕ್ರಮ ಇತ್ತು. ಅದರ ವಿವರ ಬೇಡ. ನಾಡಿನ ಎಲ್ಲ ಸಮ್ಮೇಳನಗಳಲ್ಲೂ ಅದು ಒಂದೇ. ಇಲ್ಲಿ ಹಾರ ಹಾಕುವ ಮುಂಚೆ ಪ್ರಾರ್ಥನೆ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಕವಿಗೋಷ್ಠಿ ಬಗ್ಗೆ ಹೇಳಲೇಬೇಕು. ಬೆಳಗಿನ ಒಗ್ಗರಣೆ-ಮಿರ್ಚಿ ಇಳಿದು ಬಿರಿಯಾನಿ ಏರಿದ ಹೊತ್ತು. ಕುರುಗೋಡು ಕಡೆಯ ತರುಣನೊಬ್ಬ ಕ್ರಿಸ್ಮಸ್ ಕವಿತೆ ಓದಿದ. ಮೊದಲ ಪದ್ಯದಿಂದ ಹಿಮ ಬೀಳತೊಡಗಿತು. ಎರಡನೆಯದರಲ್ಲಿ ಪೈನ್ ಮರಗಳ ಮೇಲೆ ಬಿತ್ತು, ಮೂರನೆಯದರಲ್ಲಿ ಮನೆಯ ಮಾಡಿನ ಮೇಲೆ. ಬೇಸಿಗೆ ಮತ್ತು ಕಡುಬೇಸಿಗೆ ಅಂತ ಎರಡೇ ಕಾಲವಿರುವ ಊರಿನಲ್ಲಿ ಕೂತು ಸಭಿಕರೆಲ್ಲ ಕರಪತ್ರದಿಂದ ಗಾಳಿ ಹಾಕಿಕೊಳ್ಳುತ್ತ ಆ ಹಿಮವನ್ನು ಆಲಿಸಿದರು. ನರಕದ ಕರಪತ್ರ ಉಪಯೋಗಕ್ಕೆ ಬಂದದ್ದು ಆಗಲೇ. ಅವನ ಹಿಂದೆ ಬಂದ ಸಿರುಗುಪ್ಪದ ಕವಿಯ ಕವಿತೆಯಲ್ಲಿ ಕುರುಬರು ಬಂದರು. ಉದ್ದ ನಿಲುವಂಗಿ, ಕೈಯಲ್ಲಿ ಬಾಗಿದ ಕೋಲು, ನೀಲಿ ಕಣ್ಣು. ಗ್ರೀಟಿಂಗ್ ಕಾರ್ಡಿನಿಂದ ಎದ್ದು ನೇರವಾಗಿ ಮೈಕಿಗೆ ಬಂದಿದ್ದರು.

ಇಲ್ಲಿ ನನಗೆ ನಗು ನಿಂತು ಸಿಟ್ಟು ಬಂತು. ಸುಗ್ಗಿ ಮುಗಿದ ಮೇಲೆ ರೂಪನಗುಡಿಯ ಆಚೀಚೆ, ಹಗರಿ ದಂಡೆಯುದ್ದಕ್ಕೂ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ. ಹಿಕ್ಕೆ ಗೊಬ್ಬರ ಹೊಲದವನಿಗೆ, ಕಾಳೋ ಕಾಸೋ ಕುರುಬರಿಗೆ. ಬಲೆ ಕಟ್ಟಿ ಮಂದೆ ಕೂಡಿ, ಕರಿ ಕಂಬಳಿ ಹೊದ್ದು, ನಾಯಿಯನ್ನು ಕಾಲ ಬಳಿ ಮಲಗಿಸಿಕೊಂಡು ಒಬ್ಬ ಎಚ್ಚರವಿರುತ್ತಾನೆ, ತೋಳ ಬಂದರೆ ಅಂತ. ಲೂಕನ ಸುವಾರ್ತೆಯ ಪ್ರಕಾರ ಕ್ರಿಸ್ತ ಹುಟ್ಟಿದ ಮೊದಲ ಸುದ್ದಿಯನ್ನು ದೇವದೂತ ತಂದದ್ದು ಅರಮನೆಗಲ್ಲ, ಪಾದ್ರಿಗಲ್ಲ, ಹೀಗೆ ಬಯಲಲ್ಲಿ ರಾತ್ರಿ ಕುರಿ ಕಾಯುತ್ತಿದ್ದವನಿಗೆ. ಬೆತ್ಲೆಹೇಮಿನ ಆ ರಾತ್ರಿಗೆ ಲಂಡನ್ನಿಗಿಂತ ರೂಪನಗುಡಿಯೇ ಹತ್ತಿರ. ಹೊಲದಿಂದ ಎದ್ದು ಬಂದ ಕವಿಯ ಕವಿತೆಯಲ್ಲಿ ಆ ಕಂಬಳಿಯ ವಾಸನೆಯೂ ಇಲ್ಲ. ಗೋಷ್ಠಿಯ ಬಳಿಕ ಇದನ್ನೇ ಅವನಿಗೆ ಹೇಳಿದೆ. ‘ನಮ್ಮೂರ ಕುರುಬ್ರನ್ನ ಹೆಂಗ್ರೀ ಹಾಕೋದು ಸಾರ್, ಅವ್ರು ಮೈಲಾರ್ಲಿಂಗನ ಒಕ್ಕಲು’ ಅಂದ. ಬೆತ್ಲೆಹೇಮಿನ ಕುರುಬರು ಸಿ.ಎಸ್.ಐ. ಸದಸ್ಯರು ಅಂತ ಅವನಿಗೆ ಯಾರು ಹೇಳಿದರೋ.

ಬರೆಯಬೇಕಾದದ್ದು ಹೊರಗೆ ಚಪ್ಪಲಿ ಬಿಟ್ಟ ಜಾಗದಲ್ಲೇ ಇತ್ತು. ಅಲ್ಲಿ ಚಪ್ಪಲಿ ಬಿಟ್ಟು ಒಳಬಂದವರಲ್ಲಿ ಎಷ್ಟೋ ಮಂದಿಗೆ ಎರಡು ಹೆಸರು. ಸಭೆಯ ದಾಖಲೆಯಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಒಂದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಪರಿಶಿಷ್ಟನಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಬಾಗಿಲು ತೆರೆಯಿತು, ಇವರಿಗಿಲ್ಲ. ಕಾನೂನಿನ ಕಣ್ಣಿಗೆ ಜ್ಞಾನಸ್ನಾನದ ನೀರಿನಲ್ಲಿ ಜಾತಿ ತೊಳೆದುಹೋಗಿದೆ. ಊರಿನ ಕಣ್ಣಿಗೆ ಅಂಥದ್ದೇನೂ ಆಗಿಲ್ಲ, ಹೋಟೆಲಿನಲ್ಲಿ ಅವನ ಲೋಟ ಯಾವುದೆಂದು ಇಂದಿಗೂ ಗೊತ್ತು. ಕೆಲವು ಕಡೆ ಚರ್ಚಿನೊಳಗಿನ ಬೆಂಚಿಗೂ ಗೊತ್ತು. ಮಗಳ ಹಾಸ್ಟೆಲ್ ಸೀಟಿಗೆ ಒಂದು ಹೆಸರಿನಲ್ಲಿ ಅರ್ಜಿ ಬರೆದು, ಅವಳಿಗಾಗಿ ಇನ್ನೊಂದು ಹೆಸರಿನಲ್ಲಿ ಪ್ರಾರ್ಥಿಸುವ ಅಪ್ಪನ ಕಥೆಯನ್ನು ದಾಸ್ತೋವ್‌ಸ್ಕಿಗೆ ಕೊಟ್ಟಿದ್ದರೆ ಆರುನೂರು ಪುಟ ಬರೆದಿರುತ್ತಿದ್ದ. ನಮ್ಮವರಿಗೆ ಆರು ಸಾಲೂ ಆಗಿಲ್ಲ. ನಾನು ಇನ್ನೊಂದು ಗೋಷ್ಠಿಯ ಚರ್ಚೆಯಲ್ಲಿ ಎದ್ದು ಈ ಮಾತೆತ್ತಿದೆ. ಮೈಕ್ ಕೈಕೊಟ್ಟಿತು. ಕೈಕೊಡಿಸಿದವರು ನನಗೆ ಗೊತ್ತಿರುವವರೇ. ನೋಡಿದರೆ ಅವರಿಗೂ ಎರಡು ಹೆಸರು. ಅವರ ಭಯ ನನಗೆ ಅರ್ಥವಾಗುತ್ತದೆ. ಗೋಷ್ಠಿಯ ಹೆಸರು ‘ಸತ್ಯವನ್ನು ಸಾರುವ ಲೇಖನಿ’ ಅಂತ ಇರದಿದ್ದರೆ ಇನ್ನಷ್ಟು ಅರ್ಥವಾಗುತ್ತಿತ್ತು.

ಪುಸ್ತಕ ಮಳಿಗೆಯಲ್ಲಿ ಹೆಚ್ಚು ಖರ್ಚಾದದ್ದು ಬೈಬಲ್ ವಾಕ್ಯ ಬರೆದ ಗೋಡೆ ಫಲಕ ಮತ್ತು ಕೀ ಚೈನು. ಪುಸ್ತಕಗಳದು ವಿನಿಮಯ ಪದ್ಧತಿ: ನನ್ನದು ನೀವು ತಗೊಳ್ಳಿ, ನಿಮ್ಮದು ನನಗೆ ಕೊಡಿ, ಓದುವ ಒತ್ತಾಯ ಇಬ್ಬರಿಗೂ ಬೇಡ.

ನಿರ್ಣಯಗಳ ಹೊತ್ತಿಗೆ ಸಿರುಗುಪ್ಪದ ಕೊನೇ ಬಸ್ಸಿನ ಚಿಂತೆ ಶುರುವಾಗಿ ಅರ್ಧ ಸಭಾಂಗಣ ಖಾಲಿ. ಕಿಟ್ಟೆಲ್‌ಗೆ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆ ಇರುವಂತೆ ಬಳ್ಳಾರಿಯಲ್ಲೂ ಆಗಬೇಕು ಅಂತ ಒಬ್ಬರು ಸೂಚಿಸಿದರು. ಬಳ್ಳಾರಿಗೆ ಆಗುವುದಾದರೆ ಹ್ಯಾಂಡ್ಸ್‌ಗೆ ಆಗಲಿ ಅಂತ ನಾನಂದೆ. ‘ಯಾವ ಸಭೆಯವರು?’ ಅಂತ ಮೂರು ಕಡೆಯಿಂದ ಪ್ರಶ್ನೆ ಬಂತು. 1810ರವರು ಅಂದೆ. ಹಾಗಿದ್ದರೆ ಅವರ ಬಗ್ಗೆ ಸ್ಮರಣ ಸಂಚಿಕೆಗೆ ನೀವೇ ಒಂದು ಲೇಖನ ಬರೆದುಕೊಡಿ ಅಂತ ಅಧ್ಯಕ್ಷರು ಎಲ್ಲರೆದುರು ನನ್ನ ಮೇಲೆ ಹೊರಿಸಿದರು.

ಕಾರ್ಯದರ್ಶಿ ಆಮೇಲೆ ಪಕ್ಕಕ್ಕೆ ಕರೆದು ನಿಯಮ ತಿಳಿಸಿದರು. ಎರಡು ಪುಟ ಮೀರಬಾರದು, ಕೊನೆಗೆ ಒಂದು ಬೈಬಲ್ ವಾಕ್ಯ ಇರಬೇಕು, ಜಾತಿ ಗೀತಿ ಬೇಡ, ಜೊತೆಗೆ ಅಚ್ಚಿನ ಖರ್ಚಿಗೆ ಐನೂರು ರೂಪಾಯಿ ಮತ್ತು ಒಂದು ಪಾಸ್‌ಪೋರ್ಟ್ ಸೈಜ್ ಫೋಟೊ.

‘ಹ್ಯಾಂಡ್ಸ್ ಅವರ ಫೋಟೊ?’ ಅಂದೆ.

‘ಅವ್ರದ್ಯಾಕ್ರೀ ಸಾರ್? ನಿಮ್ದು.’