ಲಗ್ನಪತ್ರಿಕೆಯಷ್ಟು ಗ್ಯಾಪು

ಗ್ಯಾರೇಜು ಅಂದರೆ ಉರಿದುಬೀಳುವವರು ಊರಿಗೊಬ್ಬರು ಇದ್ದೇ ಇರುತ್ತಾರೆ. ದಂಡಿಗನಹಳ್ಳಿಯಲ್ಲಿ ಆ ಜಾಗ ತುಂಬಿರುವವರು ನಮ್ಮ ರಿಟೈರ್ಡ್ ಲೆಕ್ಕದ ಮೇಷ್ಟ್ರು. ಮಿಕ್ಸಿ ಕೆಟ್ಟರೂ ಮನೆಯಲ್ಲೇ, ಪಂಪ್‌ಸೆಟ್ ಸುಟ್ಟರೂ ಮನೆಯಲ್ಲೇ, ಹಲ್ಲು ಅಲ್ಲಾಡಿದರೂ ಮನೆಯಲ್ಲೇ. ‘ಗ್ಯಾರೇಜಿಗೆ ಬಿಟ್ರೆ ಹೊಸ ಸಾಮಾನು ಬಿಚ್ಚಿ ಹಳೇದು ಹಾಕ್ತಾರೆ ಕಣೋ’ ಅನ್ನುವುದು ಅವರ ಸಿದ್ಧಾಂತ. ಅವರ 1978ರ ಅಂಬಾಸಿಡರಿನಲ್ಲಿ ಕದಿಯುವಂಥ ಹೊಸ ಸಾಮಾನು ಯಾವುದಿದೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಅರ್ಧ ಊರು ಅವರ ಕೈಲಿ ಕಿವಿ ಹಿಂಡಿಸಿಕೊಂಡಿದೆ.

ಆ ಕಾರು ಅವರಿಗೆ ಕಾರಲ್ಲ, ನೆಂಟಸ್ತನ. ಉತ್ತರಪಾರಾದ ಕಾರ್ಖಾನೆ 1958ರಿಂದ ಅಂಬಾಸಿಡರ್ ಮಾಡಿ ಮಾಡಿ 2014ರಲ್ಲಿ ನಿಲ್ಲಿಸಿತು ಎಂಬ ಸುದ್ದಿಯನ್ನು ಪೇಪರಿನಲ್ಲಿ ಓದಿದವರೇ ಎದ್ದುಹೋಗಿ ತಲೆಗೆ ನೀರು ಹಾಕಿಕೊಂಡು ಬಂದರು.

ಎರಡು ತಿಂಗಳಿಗೊಂದು ಭಾನುವಾರ ಬಾನೆಟ್ಟು ಏಳುತ್ತದೆ. ‘ಟೈಮಿಂಗ್ ಇಡಬೇಕು, ಬಾರ್ಲಾ’ ಎಂದು ನನಗೆ ಕರೆ ಬರುತ್ತದೆ. ನನಗೀಗ ನಲವತ್ತೆರಡು, ಅವರ ಪಾಲಿಗೆ ಇನ್ನೂ ಎಂಟನೇ ಕ್ಲಾಸು. ನನ್ನ ಕೆಲಸ ಹೆಬ್ಬೆರಳು. ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿದ ತೂತಿಗೆ ಅದನ್ನು ಒತ್ತಿ ಹಿಡಿಯಬೇಕು. ಮುಂದೆ ಮೇಷ್ಟ್ರು ಹ್ಯಾಂಡಲ್ ಹಾಕಿ ನಿಧಾನಕ್ಕೆ ತಿರುಗಿಸುತ್ತಾರೆ. ಒಳಗಿನ ಗಾಳಿ ಬೆರಳನ್ನು ‘ಪುಸ್’ ಎಂದು ತಳ್ಳಿದರೆ ಪಿಸ್ಟನ್ನು ಕಂಪ್ರೆಷನ್ನಿನಲ್ಲಿ ಮೇಲೆ ಬರುತ್ತಿದೆ ಎಂದರ್ಥ. ತಳ್ಳದೆ ಮೇಲೆ ಬಂದರೆ ಅದು ಹೊಗೆ ಬಿಡುವ ಸರದಿ. ಅಲ್ಲಿ ಟೈಮಿಂಗ್ ಇಟ್ಟರೆ ಕಾರ್ಬುರೇಟರೇ ಪಟಾಕಿ ಹೊಡೆಯುತ್ತದೆ.

ಕ್ರ್ಯಾಂಕ್ ಪುಲ್ಲಿಯ ಗುರುತು ಸರಿಗೆ ಬಂದಮೇಲೆ ಬಲ್ಬಿನ ಪೂಜೆ. ಸ್ಕೂಟರಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರು: ಒಂದು ಡಿಸ್ಟ್ರಿಬ್ಯೂಟರಿಗೆ, ಇನ್ನೊಂದು ಬಾಡಿಗೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು ಕೂಡಿಕೊಂಡಿದ್ದಾಗ ಬಲ್ಬು ಸತ್ತಿರುತ್ತದೆ, ಬಿಟ್ಟ ಕ್ಷಣ ಹತ್ತುತ್ತದೆ. ಕಿಡಿ ಹಾರುವ ಕ್ಷಣವೂ ಅದೇ. ಮೇಷ್ಟ್ರು ಡಿಸ್ಟ್ರಿಬ್ಯೂಟರಿನ ಕುತ್ತಿಗೆ ಬೋಲ್ಟು ಸಡಿಲಿಸಿ, ಎರಡು ಬೆರಳಲ್ಲಿ ಹಿಡಿದು, ಕೂದಲೆಳೆಯಷ್ಟು ತಿರುಗಿಸುತ್ತಾರೆ. ಅಷ್ಟು ಹೊತ್ತೂ ನನ್ನ ಎಡಗಿವಿ ತನ್ನಷ್ಟಕ್ಕೆ ಬಿಸಿಯಾಗುತ್ತಿರುತ್ತದೆ.

‘ಗಟ್ಟಿಮೇಳ ಯಾವಾಗ ಹೇಳ್ತಾರೆ, ಹೇಳು?’ ಇದು ಪ್ರತಿ ಸಲದ ಪಾಠ. ‘ತಾಳಿ ಕಟ್ಟಿದ ಮೇಲಾ? ಅಲ್ಲ. ಗಂಡು ತಾಳಿ ಎತ್ತಿದಾಗಲೇ ಪುರೋಹಿತರು ಬೆರಳು ಆಡಿಸ್ತಾರೆ. ಯಾಕೆ? ಓಲಗದವನು ಬಾಯಲ್ಲಿರೋ ಎಲೆ ಅಡಿಕೆ ಉಗಿದು ಊದೋಕೆ ಒಂದು ಗಳಿಗೆ ಬೇಕು. ಪೆಟ್ರೋಲೂ ಹಂಗೇ, ಹತ್ಕೊಂಡು ಉರಿಯೋಕೆ ಟೈಮ್ ತಗೊಳ್ಳುತ್ತೆ. ಪಿಸ್ಟನ್ನು ತುದಿ ಮುಟ್ಟೋಕೆ ಮುಂಚೇನೇ ಕಿಡಿ ಹಾರಬೇಕು. ತಡವಾದ್ರೆ ಗಾಡಿ ಎಳೆಯಲ್ಲ, ಸುಮ್ನೆ ಬಿಸಿಯಾಗುತ್ತೆ. ಮುಂಚೆಯಾದ್ರೆ ಬಡ್ಕೊಳ್ಳುತ್ತೆ. ನಿಮಿಷಕ್ಕೆ 1500 ಸುತ್ತು ಅಂದ್ರೆ ನಾಲ್ಕು ಸಿಲಿಂಡರಿಗೆ ಎಷ್ಟು ಕಿಡಿ?’

‘ಮೂರು ಸಾವಿರ, ಸಾರ್.’ ಎಂಟನೇ ಕ್ಲಾಸಿನಲ್ಲಿ ಹೇಳಲಾಗದ್ದನ್ನು ಈಗ ಹೇಳುತ್ತೇನೆ.

‘ನಿಮಿಷಕ್ಕೆ ಮೂರು ಸಾವಿರ ಗಟ್ಟಿಮೇಳ! ಒಂದೂ ತಪ್ಪಬಾರದು.’

ಕಾಂಪೌಂಡಿನ ಆಚೆ ನಿಂತ ಕಾಯಿ ವ್ಯಾಪಾರಿ ಕೇಳುತ್ತಾನೆ: ‘ಅಡ್ವಾನ್ಸ್ ಎಷ್ಟು ಕೊಟ್ರಿ ಮೇಷ್ಟ್ರೇ?’ ‘ನಾಲ್ಕೈದು ಡಿಗ್ರಿ.’ ‘ಅಷ್ಟಕ್ಕೆಲ್ಲ ಈ ಕಾಲದಲ್ಲಿ ಯಾರು ಬಗ್ತಾರೆ, ಬುಡಿ.’

ಆಮೇಲೆ ವೈರು ಸಿಕ್ಕಿಸುವ ಸರದಿ. ಸಿಲಿಂಡರಿಗೆ ಕಿಡಿ ಹಾರುವ ಕ್ರಮದಲ್ಲೇ ಒಂದು, ಮೂರು, ನಾಲ್ಕು, ಎರಡು ಎಂದು ಮೇಷ್ಟ್ರು ಗಟ್ಟಿಯಾಗಿ ಎಣಿಸುತ್ತಾರೆ. ಜೀವಮಾನವಿಡೀ ಮಗ್ಗಿ ತಪ್ಪಿದವರ ಗೆಣ್ಣಿಗೆ ಹೊಡೆದವರ ಬಾಯಲ್ಲಿ ಈ ಎಣಿಕೆ ಕೇಳಲೆಂದೇ ಇಬ್ಬರು ಹಳೇ ಶಿಷ್ಯರು ಬಂದು ನಿಂತಿರುತ್ತಾರೆ. ರೋಟರು ಬೇರೆ ಅಪ್ರದಕ್ಷಿಣೆಯಾಗಿ ಸುತ್ತುತ್ತದೆ. ಅದು ತಿಳಿದ ದಿನದಿಂದ ಅಮ್ಮಾವ್ರು ಆ ಕಾರಿನಲ್ಲಿ ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ.

ಬೆಂಗಳೂರಿನ ಅಳಿಯ ಹೊಸ ಕಾರು ತಂದಾಗ ಮೇಷ್ಟ್ರು ಅದರ ಬಾನೆಟ್ಟನ್ನೂ ಎತ್ತಿಸಿ ಹುಡುಕಿದರು. ‘ಟೈಮಿಂಗ್ ಎಲ್ಲ ಕಂಪ್ಯೂಟರೇ ನೋಡ್ಕೊಳ್ಳುತ್ತೆ ಮಾವ.’ ಮೇಷ್ಟ್ರು ಕನಿಕರದಿಂದ ನೋಡಿದರು. ‘ಕಿವೀನೇ ಇಲ್ಲವಲ್ಲಪ್ಪ ಇದಕ್ಕೆ. ತಪ್ಪು ಮಾಡಿದ್ರೆ ಏನು ಹಿಂಡ್ತೀಯ?’

ಇಷ್ಟೆಲ್ಲ ಗೊತ್ತಿರುವ ಮನುಷ್ಯ ಎಡವುವುದು ಪಾಯಿಂಟ್ ಗ್ಯಾಪಿನಲ್ಲಿ. ಪ್ಲಗ್ಗಿನ ಗ್ಯಾಪಿಗೆ ಹ್ಯಾಕ್ಸಾ ಬ್ಲೇಡು, ಅದು ಸರಿಯೇ, ಎಷ್ಟೋ ಮೆಕ್ಯಾನಿಕ್ಕುಗಳು ಮಾಡುವುದೂ ಹಾಗೆಯೇ. ಪಾಯಿಂಟಿಗೆ ಬೇಕಾದದ್ದು 0.35ರಿಂದ 0.40 ಮಿಲಿಮೀಟರ್. ಅದಕ್ಕೆಂದು ನಾನು ಒಂದು ಫೀಲರ್ ಗೇಜ್ ತಂದುಕೊಟ್ಟೆ. ಅದು ಕುಂಕುಮ ಹಚ್ಚಿಸಿಕೊಂಡು ದೇವರಮನೆಯಲ್ಲಿದೆ, ಆಯುಧಪೂಜೆಗೆ ಮಾತ್ರ ಹೊರಗೆ ಬರುತ್ತದೆ. ಅಳತೆಗೆ ಮೇಷ್ಟ್ರು ನಂಬಿದ್ದು ತಮ್ಮ ತಂಗಿಯ ಮದುವೆಯ ಲಗ್ನಪತ್ರಿಕೆಯನ್ನು. ಎಣ್ಣೆ ಕುಡಿದು ಕಪ್ಪಾಗಿದ್ದರೂ ಅಳತೆಗೆ ಮೋಸವಿರಲಿಲ್ಲ. ಪಾಯಿಂಟಿನ ನಡುವೆ ಬಿಗಿಯಾಗಿ ಹೋಗಿ ಬಿಗಿಯಾಗಿ ಬಂದರೆ ಆಯಿತು.

ಹೋದ ವೈಶಾಖದಲ್ಲಿ ಅವರ ಷಡ್ಡಕನ ಮಗನ ಮದುವೆ, ಚನ್ನರಾಯಪಟ್ಟಣದಲ್ಲಿ. ಭಾನುವಾರವೇ ಟೈಮಿಂಗ್ ಇಟ್ಟಾಗಿತ್ತು, ಗಾಡಿ ಹಾಲು ಕುಡಿದ ಮಗುವಿನ ಹಾಗೆ ಓಡುತ್ತಿತ್ತು. ಹೊರಡುವ ಬೆಳಿಗ್ಗೆ ಮೇಷ್ಟ್ರಿಗೆ ಕೈ ಕಡಿಯಿತು. ‘ಒಂದ್ಸಲ ಗ್ಯಾಪ್ ನೋಡ್ಬಿಡಣ.’ ಹಳೇ ಪತ್ರಿಕೆ ಸಿಗಲಿಲ್ಲ. ಕಸವೆಂದು ಅಮ್ಮಾವ್ರು ಅದನ್ನು ಬಚ್ಚಲ ಒಲೆಗೆ ಹಾಕಿದ್ದರು. ಜೇಬಿನಲ್ಲಿ ಅವತ್ತಿನದೇ ಮದುವೆಯ ಪತ್ರಿಕೆ ಇತ್ತು: ರಟ್ಟಿನಂಥ ಕಾಗದ, ಚಿನ್ನದ ಅಚ್ಚು, ಉಬ್ಬಿದ ಗಣಪತಿ. ಶುಭವಾಗಲಿ ಎಂದು ಗಣಪತಿ ಇರುವ ಮೂಲೆಯನ್ನೇ ತೂರಿಸಿ ಗ್ಯಾಪ್ ಇಟ್ಟರು.

ಗ್ಯಾಪು ಹೆಚ್ಚಾದರೆ ಪಾಯಿಂಟು ಬೇಗ ತೆರೆದುಕೊಳ್ಳುತ್ತದೆ, ಕಿಡಿಯೂ ಬೇಗ ಹಾರುತ್ತದೆ. ಡಿಸ್ಟ್ರಿಬ್ಯೂಟರನ್ನು ಮುಟ್ಟದೆಯೇ ಟೈಮಿಂಗ್ ಅಡ್ವಾನ್ಸ್ ಆಗಿಬಿಡುತ್ತದೆ. ಇದನ್ನು ನನಗೆ ಕಲಿಸಿದವರು ಅವರೇ. ಹ್ಯಾಂಡಲನ್ನು ಹೆಬ್ಬೆರಳು ಸುತ್ತಿ ಹಿಡಿಯಬಾರದು, ನಾಲ್ಕು ಬೆರಳಿನ ಪಕ್ಕಕ್ಕೇ ಇಟ್ಟು ಮೇಲಕ್ಕೆಳೆಯಬೇಕು ಎಂದು ಕಲಿಸಿದವರೂ ಅವರೇ. ಬ್ಯಾಟರಿ ಮುಲುಕಿತು. ರೇಷ್ಮೆ ಪಂಚೆ ಎತ್ತಿ ಕಟ್ಟಿ, ಹೆಬ್ಬೆರಳು ಸುತ್ತಿ ಹಿಡಿದು, ಮೇಷ್ಟ್ರು ಒಂದೇ ಏಟಿಗೆ ತಿರುಗಿಸಿದರು. ಪಿಸ್ಟನ್ನು ತುದಿಗೆ ಇನ್ನೂ ದೂರವಿರುವಾಗಲೇ ಕಿಡಿ ಹಾರಿತು. ಹ್ಯಾಂಡಲು ಹಿಂದಕ್ಕೆ ಒದೆಯಿತು.

‘ಏನಾಯ್ತ್ರೀ?’ ಎಂದು ಒಳಗಿನಿಂದ ಅಮ್ಮಾವ್ರು ಕೂಗಿದರು. ‘ಗಟ್ಟಿಮೇಳ,’ ಎಂದೆ ನಾನು.

ಬಸ್ಸಿನಲ್ಲಿ ಹೋದೆವು. ತಾಳಿ ಕಟ್ಟಿ ಮುಗಿದಿತ್ತು, ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಬಲಗೈ ಹಳೇ ಸೀರೆಯ ಜೋಲಿಯಲ್ಲಿತ್ತು. ಎಡಗೈಲಿ ಮುಯ್ಯಿ ಕೊಟ್ಟರೆಂದು ಷಡ್ಡಕನ ಹೆಂಡತಿ ಇನ್ನೂ ಮುನಿಸಿಕೊಂಡಿದ್ದಾರೆ. ಮೇಷ್ಟ್ರಿಗೆ ಅದರ ಚಿಂತೆಯಿಲ್ಲ. ಛತ್ರದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳುತ್ತಿದ್ದರು: ‘ಈಗಿನ ಕಾಲದ ಲಗ್ನಪತ್ರಿಕೆಗೆ ಅಳತೆಯೇ ಇಲ್ಲ ಕಣ್ರೀ.’

ನಿಮ್ಮ ಮನೆಯ ಟ್ರಂಕಿನಲ್ಲಿ ಹಳೇ ಕಾಲದ, ತೆಳ್ಳಗಿನ, ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ ಇದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ, ನಮ್ಮ ಮೇಷ್ಟ್ರಿಗೊಂದು ಕಳಿಸಿಕೊಡಿ. ಯಾರ ಮದುವೆಯದಾದರೂ ಆದೀತು. ಉಬ್ಬು ಗಣಪತಿ ಮಾತ್ರ ಬೇಡ.